ಕೂಡಿಟ್ಟ ಕೊಂಡಿಗಳು ಎರಡು ಸಾವಿರ, ಬರೆಯಲು ಕುಳಿತರೆ ಕೈಗೆ ಸಿಗುವುದು ನಾಲ್ಕು

ಅಲೆಮಾರಿ ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾಲವನ್ನು ಅಳೆಯುವ ಸಾಧನಗಳ ಚರಿತ್ರೆಯನ್ನು ಪ್ರೌಢಶಾಲೆಯ ಮಕ್ಕಳಿಗೆ ತಿಳಿಯುವಂತೆ ಲೇಖನಮಾಲೆಯಾಗಿ ಬರೆಯಬೇಕೆಂಬ ಆಸೆಯಿಂದ, ಸುಮಾರು ಆರು ವರ್ಷಗಳಿಂದ ಅಂತರಜಾಲದಲ್ಲಿ ಕಂಡದ್ದನ್ನೆಲ್ಲ ಕೂಡಿಡುತ್ತ ಬಂದಿದ್ದೇನೆ. ನೆರಳುಗಡಿಯಾರ, ನೀರುಗಡಿಯಾರ, ಲೋಲಕ, ಹಡಗಿನ ಗಡಿಯಾರ, ಪರಮಾಣು ಗಡಿಯಾರ ಎಂದು ವಿಷಯ ಬೆಳೆಯುತ್ತಲೇ ಹೋಯಿತು, ಸಂಗ್ರಹವೂ ಅದರ ಹಿಂದೆಯೇ ಬೆಳೆಯಿತು.

ಈಗಿನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬ್ರೌಸರಿನಲ್ಲಿ 2,300ಕ್ಕೂ ಹೆಚ್ಚು ಬುಕ್‌ಮಾರ್ಕ್‌ಗಳಿವೆ. ಚಿತ್ರಗಳಿಗೆಂದು ಪಿಂಟರೆಸ್ಟ್‌ನಲ್ಲಿ ಹನ್ನೊಂದು ಬೋರ್ಡ್‌ಗಳಿವೆ. ಫೋನಿನಲ್ಲಿ ತೆಗೆದ ಸ್ಕ್ರೀನ್‌ಶಾಟ್‌ಗಳಿಗೆ ಲೆಕ್ಕವಿಲ್ಲ. ಇವೆಲ್ಲದರ ಮೇಲೆ, ವಾಟ್ಸ್‌ಆ್ಯಪ್‌ನಲ್ಲಿ ನನಗೆ ನಾನೇ ಕಳುಹಿಸಿಕೊಂಡ ಲಿಂಕ್‌ಗಳ ಒಂದು ಉದ್ದನೆಯ ಸಾಲು ಇದೆ. ಎರಡು ವರ್ಷಗಳ ಹಿಂದೆ ಇದನ್ನೆಲ್ಲ ಒಂದೆಡೆ ತರಬೇಕೆಂದು, ಕೊಂಡಿಗಳನ್ನು (ಲಿಂಕ್‌ಗಳನ್ನು) ಕೂಡಿಡುವ ಸೇವೆಯಾದ ರೇನ್‌ಡ್ರಾಪ್‌ನಲ್ಲಿ ಖಾತೆ ತೆರೆದೆ. ಹಳೆಯ ನಾಲ್ಕು ಗುಡ್ಡೆಗಳ ಪಕ್ಕದಲ್ಲಿ ಐದನೆಯದೊಂದು ಎದ್ದಿತು, ಅಷ್ಟೆ.

ಕಳೆದ ವಾರ ಲೋಲಕದ ಗಡಿಯಾರದ ಬಗೆಗೆ ಬರೆಯಲು ಕುಳಿತೆ. ಆ ವಿಷಯದ ಮೇಲೆ ನಾಲ್ಕೈದು ಒಳ್ಳೆಯ ಲೇಖನಗಳನ್ನು ಉಳಿಸಿಟ್ಟದ್ದು ಚೆನ್ನಾಗಿ ನೆನಪಿದೆ. ‘ಗಡಿಯಾರ’ ಎಂಬ ಫೋಲ್ಡರನ್ನು ತೆರೆದರೆ ಅದರೊಳಗೆ 412 ಕೊಂಡಿಗಳಿದ್ದವು. ಅವುಗಳಲ್ಲಿ ಎಷ್ಟೋ ಶೀರ್ಷಿಕೆಗಳನ್ನು ಓದಿದರೂ ಯಾವುದನ್ನು ಏಕೆ ಉಳಿಸಿದೆ ಎಂಬುದು ಹೊಳೆಯಲಿಲ್ಲ. ಕೊನೆಗೆ ಹೊಸದಾಗಿ ಗೂಗಲ್‌ನಲ್ಲಿ ಹುಡುಕಿ ಬರೆದು ಮುಗಿಸಿದೆ. ಹಾಗಾದರೆ ಆರು ವರ್ಷ ಮಾಡಿದ್ದಾದರೂ ಏನು ಎಂದು ಮನಸ್ಸಿಗೆ ಬೇಸರವಾಯಿತು.

ಅನುಭವಿಗಳಿಂದ ತಿಳಿಯಬೇಕಾದದ್ದು ಇಷ್ಟು. ಎಲ್ಲವನ್ನೂ ಒಂದೇ ಸಾಧನದಲ್ಲಿ ಇಡುವುದು ಒಳ್ಳೆಯದೋ, ಬಗೆಬಗೆಯ ವಸ್ತುವಿಗೆ ಬೇರೆ ಬೇರೆ ಸಾಧನ ಬಳಸುವುದು ಒಳ್ಳೆಯದೋ? ವಿಂಗಡಣೆಗೆ ಫೋಲ್ಡರ್ ಸಾಕೇ, ಟ್ಯಾಗ್‌ಗಳೂ (ಗುರುತುಪದಗಳೂ) ಬೇಕೇ? ಹಳೆಯ ರಾಶಿಯನ್ನು ಮೊದಲಿನಿಂದ ಕೊನೆಯವರೆಗೆ ವಿಂಗಡಿಸಬೇಕೇ, ಅಥವಾ ಅದನ್ನು ಹಾಗೆಯೇ ಬಿಟ್ಟು ಹೊಸದಾಗಿ ಆರಂಭಿಸಬಹುದೇ?

ಹಳೆಯ ಗ್ರಂಥಪಾಲಕಿ

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಸಾಧನ ಯಾವುದು ಎಂಬ ಮಾತಿಗೆ ಬರುವ ಮೊದಲು, ‘ಗಡಿಯಾರ’ ಎಂಬ ಆ ಫೋಲ್ಡರಿನ ಹೆಸರಿನಲ್ಲೇ ಒಂದು ತೊಡಕು ಇದೆ ಎಂದು ಹೇಳಲು ಇಷ್ಟಪಡುತ್ತೇನೆ. ನಿಮ್ಮ ಲೇಖನಮಾಲೆಯೇ ಗಡಿಯಾರದ ಮೇಲಿನದು. ಆದ್ದರಿಂದ ಆ ಹೆಸರು ಯಾವುದನ್ನೂ ಹೊರಗೆ ನಿಲ್ಲಿಸುವುದಿಲ್ಲ. ಯಾವುದನ್ನೂ ಹೊರಗಿಡದ ಹೆಸರಿನ ಕೆಳಗೆ ಎಲ್ಲವೂ ಬಂದು ಬೀಳುತ್ತದೆ.

ಸಂಗ್ರಹಕ್ಕೆ ವಿಷಯದ ಹೆಸರನ್ನು ಕೊಡುವುದಕ್ಕಿಂತ ಪ್ರಶ್ನೆಯ ಹೆಸರನ್ನು ಕೊಡುವುದು ಮೇಲು ಎಂಬುದು ನಾನು ಬಹುಕಾಲದ ಕೆಲಸದಿಂದ ಕಂಡುಕೊಂಡದ್ದು. ಒಂದು ಉದಾಹರಣೆಯನ್ನು ನಿಮ್ಮ ವಿಷಯದಿಂದಲೇ ತೆಗೆದುಕೊಳ್ಳೋಣ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರವನ್ನು ರೂಪಿಸಿದನು ಎಂದು ತಿಳಿಸುವ ಒಂದು ಪುಟ ನಿಮಗೆ ಸಿಕ್ಕಿತೆಂದು ಇಟ್ಟುಕೊಳ್ಳಿ. ಅದನ್ನು ‘ಗಡಿಯಾರ’ದಲ್ಲಿ ಹಾಕಿದರೆ ಅದು ನಾನೂರ ಹದಿಮೂರನೆಯ ಕೊಂಡಿ. ಆದರೆ ‘ಗಡಿಯಾರಕ್ಕೆ ನಿಮಿಷದ ಮುಳ್ಳು ಏಕೆ ಬಂತು?’ ಎಂಬ ಹೆಸರಿನ ಸಂಗ್ರಹದಲ್ಲಿ ಅದನ್ನು ಇಟ್ಟು, ಅದರ ಟಿಪ್ಪಣಿಯ ಜಾಗದಲ್ಲಿ ಹೀಗೆ ಬರೆಯಿರಿ: ‘ಲೋಲಕಕ್ಕೆ ಮೊದಲಿನ ಗಡಿಯಾರಗಳು ದಿನಕ್ಕೆ ಸುಮಾರು ಕಾಲು ಗಂಟೆ ತಪ್ಪುತ್ತಿದ್ದವು, ಲೋಲಕ ಬಂದ ಮೇಲೆ ಆ ತಪ್ಪು ಸುಮಾರು 15 ಸೆಕೆಂಡಿಗೆ ಇಳಿಯಿತು. ಕಾಲು ಗಂಟೆ ತಪ್ಪುವ ಯಂತ್ರಕ್ಕೆ ನಿಮಿಷದ ಮುಳ್ಳು ಇದ್ದು ಪ್ರಯೋಜನವೇನು?’ ಈಗ ಅದು ಕೊಂಡಿಯಾಗಿ ಉಳಿಯಲಿಲ್ಲ, ನಿಮ್ಮ ಲೇಖನದ ಒಂದು ಪ್ಯಾರಾ ಆಗಲೇ ಮೊಳೆತಿದೆ. ಅದೇ ಪುಟವನ್ನು ಬೇರೊಬ್ಬರು ‘ವಿಜ್ಞಾನಿಗಳು ತಮ್ಮ ಉಪಕರಣಗಳನ್ನು ತಾವೇ ಮಾಡಿಕೊಂಡದ್ದು’ ಎಂಬ ಸಂಗ್ರಹಕ್ಕೆ ಸೇರಿಸಬಹುದು, ಅದೂ ಸರಿಯೇ.

ಈ ಒಂದು ಸಾಲಿನ ಟಿಪ್ಪಣಿಯನ್ನು ಉಳಿಸಿದ ಕ್ಷಣದಲ್ಲೇ ಬರೆಯಬೇಕು. ನಾಳೆಗೆ ಎಂದು ಬಿಟ್ಟರೆ ಅದು ಆಗದ ಕೆಲಸ. ಬರೆಯಲು ಏನೂ ತೋಚದಿದ್ದರೆ ಆ ಪುಟ ನಿಮಗೆ ಬೇಕಿಲ್ಲ ಎಂದೇ ಅರ್ಥ, ಅದನ್ನು ಉಳಿಸದೆ ಮುಂದೆ ಹೋಗಿ. ಇಂಗ್ಲಿಷಿನ ‘ಕ್ಯುರೇಟರ್’ ಪದದ ಹಿಂದೆ ಇರುವ ಲ್ಯಾಟಿನ್ ಧಾತುವಿಗೆ ‘ಆರೈಕೆ ಮಾಡು’ ಎಂಬ ಅರ್ಥವಿದೆ. ಆರೈಕೆ ಮಾಡಲಾಗದಷ್ಟನ್ನು ಮನೆಗೆ ತಂದಿಟ್ಟುಕೊಳ್ಳುವುದಕ್ಕೆ ಆ ಹೆಸರು ಸಲ್ಲದು.

ಟ್ಯಾಗ್‌ಗಳ ವಿಷಯ. ಫೋಲ್ಡರಿನಲ್ಲಿ ಒಂದು ವಸ್ತುವಿಗೆ ಒಂದೇ ಜಾಗ. ಟ್ಯಾಗಿನಲ್ಲಿ ಒಂದೇ ವಸ್ತುವಿಗೆ ಹಲವು ಹಾದಿಗಳು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಪದ್ಧತಿಯ ಬೆನ್ನೆಲುಬೂ ಇದೇ ವಿಚಾರ: ಒಂದು ಗ್ರಂಥವನ್ನು ಒಂದೇ ಗೂಡಿಗೆ ತುರುಕದೆ, ಅದರ ವಿಷಯವನ್ನು ಹಲವು ಮುಖಗಳಿಂದ ನೋಡುವುದು. ಅವರು ಮುಂದೆ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂದು ಐದು ಮುಖಗಳನ್ನು ಗುರುತಿಸಿದರು. ನಿಮಗೆ ಐದೂ ಬೇಕಾಗಿಲ್ಲ. ಸಾಧನ ಯಾವುದು, ಶತಮಾನ ಯಾವುದು, ನನಗೆ ಇದು ಏತಕ್ಕೆ (ಕಥೆಗೋ, ಅಂಕಿಅಂಶಕ್ಕೋ, ಚಿತ್ರಕ್ಕೋ) ಎಂಬ ಮೂರು ಮುಖಗಳು ಸಾಕು. ಟ್ಯಾಗ್‌ಗಳ ಪಟ್ಟಿಯನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಇಂದು ‘ಲೋಲಕ’, ನಾಳೆ ‘ಪೆಂಡ್ಯುಲಂ’, ನಾಡಿದ್ದು ‘ಪೆಂಡುಲಮ್’ ಎಂದು ಬರೆದು, ಒಂದೇ ವಸ್ತುವಿಗೆ ಮೂರು ಮನೆ ಕಟ್ಟಿರುತ್ತೀರಿ.

ಕಡತಗಾರ

ಮೇಲಿನ ಉತ್ತರದಲ್ಲಿ ತತ್ತ್ವ ಸರಿಯಾಗಿ ಬಂದಿದೆ. ನಾನು ಸಾಧನಗಳ ಬಗೆಗೆ ಹೇಳುತ್ತೇನೆ, ಏಕೆಂದರೆ ಎಲ್ಲವನ್ನೂ ಒಂದೇ ಕಡೆ ಇಡಬೇಕೆಂಬ ಹಟವೇ ನಿಮ್ಮನ್ನು ಐದನೆಯ ಗುಡ್ಡೆಗೆ ತಂದು ನಿಲ್ಲಿಸಿರಬಹುದೆಂದು ನನಗೆ ಅನ್ನಿಸುತ್ತದೆ.

ಪಿಂಟರೆಸ್ಟ್ ಕಣ್ಣಿಗಾಗಿ ಮಾಡಿದ ಸಾಧನ. ಗಡಿಯಾರದ ಮುಖಗಳ ವಿನ್ಯಾಸವನ್ನು ಒಟ್ಟಿಗೆ ಹರಡಿ ನೋಡಬೇಕಾದಾಗ ಅದು ಬಲು ಅನುಕೂಲ. ಓದಬೇಕಾದ ಬರಹವನ್ನು ಅಲ್ಲಿ ಪಿನ್ ಮಾಡಿದರೆ ಚಿತ್ರವಷ್ಟೇ ಕಣ್ಣಿಗೆ ಬಿದ್ದು ವಾದ ಮರೆತುಹೋಗುತ್ತದೆ. ವೇಕ್‌ಲೆಟ್, ಪ್ಯಾಡ್ಲೆಟ್ ಮುಂತಾದವು ನಾಲ್ಕು ಜನ ಸೇರಿ ಕೂಡಿಸುವುದಕ್ಕೂ ತರಗತಿಗೆ ತೋರಿಸುವುದಕ್ಕೂ ಹೊಂದುತ್ತವೆ, ಒಬ್ಬರೇ ಕುಳಿತು ಬರೆಯುವವರಿಗೆ ಅವುಗಳ ಅಗತ್ಯ ಕಡಿಮೆ. ನಿಮ್ಮ ಕೆಲಸದಲ್ಲಿ ಸಂಶೋಧನಾ ಪ್ರಬಂಧಗಳೂ ಹಳೆಯ ಗ್ರಂಥಗಳ ಸ್ಕ್ಯಾನ್ ಪ್ರತಿಗಳೂ ಇರುವುದಾದರೆ ಝೊಟೆರೊ ಬಳಸಿ ಎಂದು ಒತ್ತಿ ಹೇಳುತ್ತೇನೆ. 2006ರಿಂದ ಇರುವ ಮುಕ್ತ ತಂತ್ರಾಂಶ ಅದು. ಬ್ರೌಸರಿನಲ್ಲಿ ಒಂದು ಗುಂಡಿ ಒತ್ತಿದರೆ ಲೇಖಕ, ಶೀರ್ಷಿಕೆ, ದಿನಾಂಕ, ವಿಳಾಸ ಎಲ್ಲವನ್ನೂ ಬಹುಮಟ್ಟಿಗೆ ತಾನೇ ದಾಖಲಿಸುತ್ತದೆ, ಪುಟದ ಒಂದು ಪ್ರತಿಯನ್ನೂ ನಿಮ್ಮ ಕಂಪ್ಯೂಟರಿನಲ್ಲಿ ಇಡುತ್ತದೆ. ಕಡತಗಳನ್ನು ಅವರ ಸರ್ವರಿನಲ್ಲಿ ಇಡಲು ಉಚಿತವಾಗಿ ದೊರೆಯುವುದು 300 ಎಂಬಿ ಮಾತ್ರ, ಆದರೆ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವವರಿಗೆ ಆ ಮಿತಿ ತಟ್ಟುವುದಿಲ್ಲ.

ನೀವು ಈಗಾಗಲೇ ತೆರೆದಿರುವ ರೇನ್‌ಡ್ರಾಪ್ ಕೆಟ್ಟದ್ದೇನಲ್ಲ. ಸಂಗ್ರಹ, ಟ್ಯಾಗ್, ಟಿಪ್ಪಣಿ ಮೂರೂ ಅದರಲ್ಲಿವೆ. ಪುಟಗಳ ಶಾಶ್ವತ ಪ್ರತಿಯೂ ಒಳಗಿನ ಪಠ್ಯದ ಹುಡುಕಾಟವೂ ಹಣ ಕೊಟ್ಟವರಿಗೆ ಮಾತ್ರ ಎಂಬುದನ್ನು ಗಮನಿಸಿ. ಕ್ರೋಮ್‌ನ ಬುಕ್‌ಮಾರ್ಕ್‌ಗಳಿಗೆ ಟ್ಯಾಗ್ ಸೌಲಭ್ಯವೇ ಇಲ್ಲ, ಫೈರ್‌ಫಾಕ್ಸ್‌ನಲ್ಲಿದೆ. ಬಹಳ ಜನರಿಗೆ ಇದು ತಿಳಿದಿರುವುದಿಲ್ಲ.

ಇನ್ನು ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗಷ್ಟೇ ಎದುರಾಗುವ ಒಂದು ಪೇಚು ಇದೆ. ನಮ್ಮ ನಾಮಪದಗಳು ವಿಭಕ್ತಿಗೆ ತಕ್ಕಂತೆ ರೂಪ ಬದಲಿಸುತ್ತವೆ, ಹುಡುಕುವ ಯಂತ್ರ ಅದನ್ನು ಅರಿಯದು. ‘ಗಡಿಯಾರ’ ಎಂದು ಹುಡುಕಿದರೆ ‘ಗಡಿಯಾರದ’, ‘ಗಡಿಯಾರಗಳು’ ಎಂಬವು ಕೆಲವು ಸಾಧನಗಳಲ್ಲಿ ಸಿಗುತ್ತವೆ, ಏಕೆಂದರೆ ಮೂಲಪದ ಒಳಗೆ ಹಾಗೆಯೇ ಉಳಿದಿರುತ್ತದೆ. ‘ಮುಳ್ಳು’ ಎಂದು ಹುಡುಕಿ ನೋಡಿ, ‘ಮುಳ್ಳಿನ’, ‘ಮುಳ್ಳಿಗೆ’ ಎಂದು ಬರೆದ ಟಿಪ್ಪಣಿಗಳು ಹೊರಗೇ ಉಳಿಯುತ್ತವೆ, ಏಕೆಂದರೆ ಕೊನೆಯ ಉಕಾರ ಬಿದ್ದುಹೋಗಿ ಆ ಜಾಗಕ್ಕೆ ಇಕಾರ ಬಂದಿದೆ. ‘ನೀರು’ ಮತ್ತು ‘ನೀರಿನ’, ‘ನೆರಳು’ ಮತ್ತು ‘ನೆರಳಿಗೆ’ ಇವುಗಳ ಗತಿಯೂ ಅದೇ. ಆದ್ದರಿಂದ ನಾನು ಎರಡು ರೂಢಿಗಳನ್ನು ಇಟ್ಟುಕೊಂಡಿದ್ದೇನೆ. ಟ್ಯಾಗನ್ನು ಯಾವಾಗಲೂ ಪ್ರತ್ಯಯವಿಲ್ಲದ ಏಕವಚನದಲ್ಲಿ ಬರೆಯುತ್ತೇನೆ. ಟಿಪ್ಪಣಿಯೊಳಗೆ ಹುಡುಕುವಾಗ ಕೊನೆಯ ಸ್ವರವನ್ನು ಬಿಟ್ಟು ‘ಮುಳ್ಳ’, ‘ನೆರಳ’ ಎಂದು ಟೈಪಿಸುತ್ತೇನೆ, ಆಗ ಪದದ ತುಣುಕನ್ನೂ ಹುಡುಕಬಲ್ಲ ಸಾಧನಗಳಲ್ಲಿ ಎರಡೂ ರೂಪಗಳು ಒಟ್ಟಿಗೆ ಬರುತ್ತವೆ.

ಅರ್ಧವಿರಾಮ

ಕ್ಷಮಿಸಿ, ನನಗೆ ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಪ್ರಶ್ನೆ ಕೇಳಿದವರು ಆರು ವರ್ಷ ಕೂಡಿಸಿ ಒಂದೇ ಲೇಖನ ಬರೆದಿದ್ದಾರೆ, ಅದನ್ನೂ ತಮ್ಮ ಸಂಗ್ರಹದ ಸಹಾಯವಿಲ್ಲದೆ ಬರೆದಿದ್ದಾರೆ. ಅವರಿಗೆ ಇನ್ನಷ್ಟು ಟ್ಯಾಗ್, ಇನ್ನಷ್ಟು ಮುಖ, ಇನ್ನೊಂದು ತಂತ್ರಾಂಶ ಸೂಚಿಸಿದರೆ ಮುಂದಿನ ಆರು ತಿಂಗಳು ವಿಂಗಡಣೆಯಲ್ಲೇ ಕಳೆದುಹೋಗುತ್ತವೆ. ವಿಂಗಡಿಸುವುದು ಬಲು ಹಿತವಾದ ಕೆಲಸ. ಬರೆದಷ್ಟೇ ತೃಪ್ತಿ ಕೊಡುತ್ತದೆ, ಬರೆಯುವ ಕಷ್ಟ ಮಾತ್ರ ಇರುವುದಿಲ್ಲ.

ಇಂಥ ಚರ್ಚೆಗಳಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್‌ನ ಚೀಟಿಪೆಟ್ಟಿಗೆಯ ಮಾತು ಬಾರದೆ ಇರುವುದಿಲ್ಲ, ಹಾಗಾಗಿ ನಾನೇ ತೆಗೆಯುತ್ತೇನೆ. ಅವನ ಪೆಟ್ಟಿಗೆಗಳಲ್ಲಿ ಸುಮಾರು 90,000 ಚೀಟಿಗಳಿದ್ದವು ಎಂದು ಎಲ್ಲರೂ ಬೆರಗಾಗುತ್ತಾರೆ. ಆ ಚೀಟಿಗಳು ಕತ್ತರಿಸಿ ಅಂಟಿಸಿದ ತುಣುಕುಗಳಾಗಿರಲಿಲ್ಲ. ಓದಿದ್ದನ್ನು ತನ್ನ ವಾಕ್ಯದಲ್ಲಿ ಬರೆದು, ಹಿಂದಿನ ಯಾವ ಚೀಟಿಗೆ ಇದು ತಗಲುತ್ತದೆ ಎಂದು ಸಂಖ್ಯೆ ಹಾಕಿ ಇಟ್ಟವು. ಒಂದು ಗುಂಡಿ ಒತ್ತಿ ಪುಟ ಉಳಿಸುವ ನಮ್ಮ ಅಭ್ಯಾಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನನ್ನ ಸಲಹೆ ಕಠಿಣವೆನಿಸಬಹುದು. ಹಳೆಯ 2,300ನ್ನು ಮುಟ್ಟಬೇಡಿ. ‘ಹಳೆಯದು’ ಎಂಬ ಒಂದೇ ಫೋಲ್ಡರಿಗೆ ತಳ್ಳಿ. ಮುಂದಿನ ಲೇಖನ ಯಾವುದು ಎಂದು ತೀರ್ಮಾನಿಸಿ, ಅದಕ್ಕೆ ಬೇಕಾದಷ್ಟನ್ನು ಮಾತ್ರ ಆ ರಾಶಿಯಿಂದ ಹೆಕ್ಕಿ ತೆಗೆಯಿರಿ. ಬೇಡವಾದದ್ದು ಅಲ್ಲೇ ಬಿದ್ದಿರಲಿ, ಅದು ಅನ್ನ ಕೇಳುವುದಿಲ್ಲ.

ಹಳೆಯ ಗ್ರಂಥಪಾಲಕಿ

ಅರ್ಧವಿರಾಮ ಅವರ ಮಾತನ್ನು ಒಪ್ಪುತ್ತೇನೆ, ಹಳೆಯ ರಾಶಿಯ ವಿಷಯದಲ್ಲಿ ಪೂರ್ತಿಯಾಗಿ ಒಪ್ಪುತ್ತೇನೆ. ಯಾವ ಗ್ರಂಥಾಲಯವೂ ಬಾಗಿಲು ಮುಚ್ಚಿ ವಿಂಗಡಣೆ ಮುಗಿದ ಮೇಲೆ ತೆರೆಯುವುದಿಲ್ಲ. ಆದರೆ ಮೂರು ಟ್ಯಾಗ್ ಹಾಕಲು ಹಿಡಿಯುವ ಹತ್ತು ಸೆಕೆಂಡನ್ನು ಆಲಸ್ಯದ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ನೀವೇ ಹೇಳಿದ ಚೀಟಿಗಳಿಗೂ ಸಂಖ್ಯೆಗಳಿದ್ದವು, ಹುಡುಕಲು ಒಂದು ಪದಸೂಚಿಯೂ ಇತ್ತು.

ಉಪ್ಪರಿಗೆ

ಇದುವರೆಗೆ ಯಾರೂ ಎತ್ತದ ಒಂದು ಮಾತಿದೆ. ಕೂಡಿಟ್ಟದ್ದು ಅಲ್ಲಿಯೇ ಇರುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು.

ಕೆಲವು ವರ್ಷಗಳ ಹಿಂದೆ ನಾನು ಬಳಸುತ್ತಿದ್ದ ಒಂದು ಸೇವೆ ಮುಚ್ಚಿತು. ಮುಚ್ಚುವ ಸೂಚನೆಯನ್ನು ಅವರು ಕಳುಹಿಸಿದ್ದರು, ಆದರೆ ಅದು ನಾನು ತೆರೆಯುವುದನ್ನೇ ಬಿಟ್ಟಿದ್ದ ಒಂದು ಹಳೆಯ ಇಮೇಲ್ ಖಾತೆಗೆ ಹೋಗಿತ್ತು. ನಾನು ನೋಡುವಷ್ಟರಲ್ಲಿ ಗಡುವು ಮುಗಿದು ಐದು ವಾರಗಳಾಗಿದ್ದವು. ಎರಡು ವರ್ಷ ಬರೆದ ಟಿಪ್ಪಣಿಗಳು ಹೋದವು. ಕೊಂಡಿಗಳು ಹೋದದ್ದಕ್ಕೆ ನನಗೆ ದುಃಖವಾಗಲಿಲ್ಲ, ಅವುಗಳ ಕೆಳಗೆ ನಾನು ಬರೆದ ಸಾಲುಗಳು ಹೋದದ್ದು ಇಂದಿಗೂ ಚುಚ್ಚುತ್ತದೆ.

ಇದು ನನ್ನೊಬ್ಬನ ದುರದೃಷ್ಟವಲ್ಲ, ಈ ಕ್ಷೇತ್ರದ ಚರಿತ್ರೆಯೇ ಹೀಗಿದೆ. ಹಲವು ತಾಣಗಳ ಹೊಸ ಬರಹಗಳನ್ನು ಒಂದೆಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು. ಸಾಮಾಜಿಕ ಜಾಲತಾಣಗಳ ಬರಹಗಳನ್ನು ಪೋಣಿಸಿ ಕಥೆಯಾಗಿಸಲು ಪತ್ರಕರ್ತರು ಬಳಸುತ್ತಿದ್ದ ಸ್ಟೋರಿಫೈ 2018ರ ಮೇ ತಿಂಗಳಲ್ಲಿ ಮುಚ್ಚಿತು. 2007ರಲ್ಲಿ ‘ರೀಡ್ ಇಟ್ ಲೇಟರ್’ ಎಂಬ ಹೆಸರಿನಲ್ಲಿ ಹುಟ್ಟಿ ಮುಂದೆ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಕೈಗೆ ಬಂದ, ಪುಟಗಳನ್ನು ಆಮೇಲೆ ಓದಲು ಉಳಿಸುವ ಪಾಕೆಟ್ ಕೂಡ 2025ರ ಜುಲೈ 8ರಂದು ನಿಂತಿತು. ಟ್ಯಾಗ್ ಹಾಕುವ ಪದ್ಧತಿಯನ್ನು ಜನರಿಗೆ ರೂಢಿ ಮಾಡಿಸಿದ ಬುಕ್‌ಮಾರ್ಕ್ ಸೇವೆ ಡೆಲಿಷಸ್ 2003ರಲ್ಲಿ ಆರಂಭವಾಗಿ, ಕೈಯಿಂದ ಕೈಗೆ ಮಾರಾಟವಾಗುತ್ತ ಕೊನೆಗೆ 2017ರಲ್ಲಿ ಪಿನ್‌ಬೋರ್ಡ್ ಎಂಬ ಪುಟ್ಟ ಪ್ರತಿಸ್ಪರ್ಧಿಯ ಪಾಲಾಯಿತು.

ಸೇವೆ ಉಳಿದರೂ ಕೊಂಡಿಯ ಆ ತುದಿಯ ಪುಟ ಉಳಿಯಬೇಕಲ್ಲ. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಆದ್ದರಿಂದ ಮುಖ್ಯವಾದ ಪುಟವನ್ನು ಉಳಿಸುವಾಗಲೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಅದರ ವಿಳಾಸ ಕೊಟ್ಟು ಒಂದು ಪ್ರತಿ ತೆಗೆಸಿ, ಆ ಪ್ರತಿಯ ವಿಳಾಸವನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಮೂರು ತಿಂಗಳಿಗೊಮ್ಮೆ ಇಡೀ ಸಂಗ್ರಹವನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇಳಿಸಿದ ಮೇಲೆ ಆ ಕಡತವನ್ನು ಒಮ್ಮೆ ತೆರೆದು ನೋಡಿ. ಎಚ್‌ಟಿಎಂಎಲ್ ರೂಪದ ಕಡತದಲ್ಲಿ ಕೊಂಡಿಗಳಿದ್ದು ಟಿಪ್ಪಣಿಗಳು ಬಿಟ್ಟುಹೋಗಿರುವುದು ಉಂಟು, ಕೋಷ್ಟಕದಂತೆ ತೆರೆಯುವ ಸಿಎಸ್‌ವಿ ರೂಪ ಇದ್ದರೆ ಅದನ್ನೂ ತೆಗೆದುಕೊಳ್ಳಿ. ಹೊಸ ಸಾಧನವನ್ನು ಆರಿಸುವಾಗ ನಾನು ಈಗ ಮೊದಲು ನೋಡುವುದು ಹೊರಗೆ ಬರುವ ಬಾಗಿಲನ್ನು.

ಅಲೆಮಾರಿ ಓದುಗ

ಎಲ್ಲರಿಗೂ ಋಣಿಯಾಗಿದ್ದೇನೆ. ಮೂರು ವಾರ ಪ್ರಯೋಗ ಮಾಡಿ ನೋಡಿ ಬರೆಯುತ್ತಿದ್ದೇನೆ.

ಅರ್ಧವಿರಾಮ ಅವರ ಸಲಹೆಯಂತೆ ಎಲ್ಲವನ್ನೂ ‘ಹಳೆಯದು’ ಎಂಬ ಫೋಲ್ಡರಿಗೆ ತಳ್ಳಿದೆ. ತಳ್ಳುವಾಗ ಎದೆ ಡವಡವ ಎಂದದ್ದು ನಿಜ. ಮುಂದಿನ ಲೇಖನ ಹಡಗಿನ ಗಡಿಯಾರದ್ದು. ‘ಸಮುದ್ರದ ಮೇಲೆ ಲೋಲಕ ಏಕೆ ಸೋತಿತು?’ ಎಂಬ ಹೆಸರಿನಲ್ಲಿ ರೇನ್‌ಡ್ರಾಪ್‌ನಲ್ಲಿ ಒಂದೇ ಒಂದು ಸಂಗ್ರಹ ತೆರೆದೆ. ಹಳೆಯ ರಾಶಿಯಲ್ಲಿ ಹುಡುಕಿದಾಗ ಇದಕ್ಕೆ ಸಂಬಂಧಿಸಿದ 61 ಕೊಂಡಿಗಳು ಸಿಕ್ಕವು. ಅವುಗಳಲ್ಲಿ 17 ಪುಟಗಳು ಸತ್ತಿದ್ದವು, ವೇಬ್ಯಾಕ್ ಮಷೀನ್‌ನಲ್ಲಿ ಒಂಬತ್ತು ಮರಳಿ ದೊರೆತವು. ಒಂದು ಸಾಲು ಬರೆಯಲು ಸಾಧ್ಯವಾದದ್ದು 53ರಲ್ಲಿ 14ಕ್ಕೆ ಮಾತ್ರ! ಮಿಕ್ಕವುಗಳಲ್ಲಿ ಬಹುಪಾಲು ಒಂದೇ ಸಂಗತಿಯನ್ನು, ಅಂದರೆ ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್‌ನ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾಕ್ಕೆ ಪ್ರಯಾಣ ಹೊರಟದ್ದನ್ನು, ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಿದ್ದವು. ಒಂದೇ ಕಥೆಯನ್ನು ನಾನು ಆರು ವರ್ಷಗಳಲ್ಲಿ ಇಪ್ಪತ್ತು ಸಲ ಹೊಸದೆಂದು ಭಾವಿಸಿ ಉಳಿಸಿದ್ದೆ.

ಆ ಹದಿನಾಲ್ಕು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ಓದಿದಾಗ ಲೇಖನದ ಅರ್ಧ ದಾರಿ ತಾನಾಗಿ ಕಂಡಿತು. ನಡುವೆ ಒಂದು ಅಂತರವೂ ಕಂಡಿತು: ಹಡಗು ಹೊಯ್ದಾಡುವುದರಿಂದ ಲೋಲಕ ಕೆಡುತ್ತದೆ ಎಂಬುದಕ್ಕೆ ಐದು ಟಿಪ್ಪಣಿಗಳಿದ್ದವು, ಸೆಕೆಗೂ ಚಳಿಗೂ ಲೋಹ ಹಿಗ್ಗಿ ಕುಗ್ಗುವುದರಿಂದ ವೇಳೆ ತಪ್ಪುತ್ತದೆ ಎಂಬುದಕ್ಕೆ ಒಂದೂ ಇರಲಿಲ್ಲ. ಹುಡುಕಬೇಕಾದದ್ದು ಏನೆಂದು ಸಂಗ್ರಹವೇ ಹೇಳಿತು. ‘ಮುಳ್ಳ’ ಎಂದು ಹುಡುಕುವ ಉಪಾಯವೂ ಕೆಲಸ ಮಾಡಿತು, ಕಡತಗಾರ ಅವರಿಗೆ ವಿಶೇಷ ವಂದನೆ.

ಇನ್ನೊಂದೇ ಪ್ರಶ್ನೆ ಉಳಿದಿದೆ. ಪಿಂಟರೆಸ್ಟ್‌ನ ಬೋರ್ಡ್‌ಗಳಲ್ಲಿರುವ ಎಷ್ಟೋ ಚಿತ್ರಗಳ ಮೂಲ ಯಾವುದೆಂದು ತಿಳಿಯುತ್ತಿಲ್ಲ. ಒತ್ತಿದರೆ ಯಾವುದೋ ಸತ್ತ ತಾಣಕ್ಕೆ ಹೋಗುತ್ತದೆ. ಅವುಗಳನ್ನು ಲೇಖನದಲ್ಲಿ ಬಳಸಬಹುದೇ?

ಕಡತಗಾರ

ಮೂಲ ತಿಳಿಯದ ಚಿತ್ರವನ್ನು ನೋಡಿ ಕಲಿಯಬಹುದು, ಅಚ್ಚು ಹಾಕಬಾರದು. ಪಿನ್ ಮಾಡಿದವರು ಬಹುತೇಕ ಆ ಚಿತ್ರದ ಹಕ್ಕುದಾರರಾಗಿರುವುದಿಲ್ಲ. ಚಿತ್ರದಿಂದಲೇ ಮೂಲವನ್ನು ಹುಡುಕುವ ಗೂಗಲ್ ಲೆನ್ಸ್‌ಗೋ ಟಿನ್‌ಐಗೋ ಅದನ್ನು ಕೊಟ್ಟು ನೋಡಿ. ಹಳೆಯ ಗಡಿಯಾರಗಳ ಒಳ್ಳೆಯ ಛಾಯಾಚಿತ್ರಗಳು ಎಷ್ಟೋ ಸಲ ಯಾವುದಾದರೊಂದು ವಸ್ತುಸಂಗ್ರಹಾಲಯದ ಪುಟದಲ್ಲಿ ಕೊನೆಗೊಳ್ಳುತ್ತವೆ, ಬಳಕೆಯ ಷರತ್ತು ಅಲ್ಲಿಯೇ ಬರೆದಿರುತ್ತದೆ. ಅಲ್ಲಿ ಅನುಮತಿ ಇಲ್ಲದಿದ್ದರೆ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಅದೇ ಗಡಿಯಾರದ ಬೇರೆ ಚಿತ್ರ ಇದೆಯೇ ನೋಡಿ. ಪರವಾನಗಿ ಯಾವುದು, ತೆಗೆದವರ ಹೆಸರನ್ನು ಹೇಗೆ ನಮೂದಿಸಬೇಕು ಎಂಬುದು ಪ್ರತಿ ಚಿತ್ರದ ಕೆಳಗೆ ಇರುತ್ತದೆ. ಅವೆರಡನ್ನೂ ಚಿತ್ರ ಉಳಿಸುವಾಗಲೇ ಟಿಪ್ಪಣಿಗೆ ನಕಲು ಮಾಡಿಕೊಳ್ಳಿ, ಸಂಪಾದಕರು ಕೇಳುವುದು ಕೊನೆಯ ದಿನದ ಸಂಜೆ.